ಮೀನು ಸಾಯಲೆಂದು ಕಾದ ಬೇಸಿಗೆ

ಮೊನ್ನೆ ರಕ್ತ ಪರೀಕ್ಷೆಗೆಂದು ಆಸ್ಪತ್ರೆಗೆ ಹೋಗಿದ್ದೆ. ನರ್ಸಮ್ಮ ಹತ್ತಿಗೆ ಸ್ಪಿರಿಟ್ ಅದ್ದಿ ತೋಳಿಗೆ ಸವರಿದಳು ನೋಡಿ, ಆ ವಾಸನೆ ಮೂಗಿಗೆ ಬಡಿದದ್ದೇ ತಡ, ತೋಳು ಹಿಂದಕ್ಕೆ ಎಳೆದುಕೊಂಡೆ. "ಏನ್ ತಾತ, ಇಷ್ಟು ವಯಸ್ಸಾದ್ರೂ ಸೂಜಿಗೆ ಹೆದರ್ತೀರಾ?" ಅಂತ ನಕ್ಕಳು. ಸೂಜಿಗೆ ಯಾವನಮ್ಮ ಹೆದರ್ತಾನೆ! ಆ ವಾಸನೆ ನನ್ನನ್ನು ಎಳೆದುಕೊಂಡು ಹೋಗಿ ಶರಾವತಿ ದಂಡೆಯ ಬಂಡೆಯೊಂದರ ಮೇಲೆ ಕೂರಿಸಿತ್ತು. ಅಲ್ಲಿ ಹಳೇ ಕೋಟು ತೊಟ್ಟ ಒಬ್ಬ ಮುದುಕರು, ಪಕ್ಕದಲ್ಲಿ ಸ್ಪಿರಿಟ್ ತುಂಬಿದ ಗಾಜಿನ ಭರಣಿ ಇಟ್ಟುಕೊಂಡು, ಒಂದು ಮೀನು ತಾನಾಗಿ ಸಾಯಲಿ ಅಂತ ಕಾಯುತ್ತಾ ಕೂತಿದ್ದಾರೆ. ಬೇಸಿಗೆಯಿಡೀ ಹಾಗೇ ಕೂತಿದ್ದರು. ಅವರ ಜೊತೆ ನಾನೂ ಕೂತಿದ್ದೆ.

ಐವತ್ತರ ದಶಕ ಮುಗಿಯುತ್ತಾ ಬಂದಿದ್ದ ಕಾಲ. ನಾನು ಸಾಗರದ ಒಂದು ಶಾಲೆಯಲ್ಲಿ ಡ್ರಾಯಿಂಗ್ ಮೇಷ್ಟ್ರು. ಡ್ರಾಯಿಂಗ್ ಮೇಷ್ಟ್ರು ಅಂದರೆ ಶಾಲೆಯಲ್ಲಿ ಯಾವ ಲೆಕ್ಕಕ್ಕೂ ಇಲ್ಲದ ಪ್ರಾಣಿ. ಗಣಿತದವರು ರಜ ಹಾಕಿದರೆ ಕ್ಲಾಸು ಕಾಯುವುದಕ್ಕೆ, ಯಾರಾದರೂ ದೊಡ್ಡವರು ಬಂದರೆ ಸ್ವಾಗತದ ಬೋರ್ಡು ಬರೆಯುವುದಕ್ಕೆ. ಬೇಸಿಗೆ ರಜೆ ಹತ್ತಿರ ಬಂದಾಗ ಹೆಡ್‌ಮಾಸ್ಟರು ಕರೆದು, "ಮೈಸೂರಿಂದ ಒಬ್ಬ ರಿಟೈರ್ಡ್ ಪ್ರೊಫೆಸರು ಬಂದಿದಾರಯ್ಯ, ಮೀನಿನ ಚಿತ್ರ ಬರೆಯೋಕೆ ಜನ ಬೇಕಂತೆ. ನಿಂಗೂ ಮಾಡೋಕೆ ಕೆಲಸ ಇಲ್ಲ, ಹೋಗು" ಅಂದರು. ಹೋದೆ.

ಅನಂತಯ್ಯನವರು ಅಂತ ಅವರ ಹೆಸರು. ಪ್ರಾಣಿಶಾಸ್ತ್ರ ಪಾಠ ಹೇಳಿ ನಿವೃತ್ತರಾದವರು. ಹೆಂಡತಿ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಇದ್ದದ್ದು ಒಬ್ಬ ಬಿಳಿ ಸಾಹೇಬ. ಆ ಸಾಹೇಬ ಸತ್ತು ಎಷ್ಟೋ ಕಾಲವಾಗಿತ್ತು, ಆದರೆ ಅನಂತಯ್ಯನವರು ಅವನ ಸುದ್ದಿ ಹೇಳುವಾಗ ಪಕ್ಕದ ಮನೆಯಲ್ಲಿ ಜ್ವರ ಬಂದು ಮಲಗಿರುವವನ ಸುದ್ದಿ ಹೇಳಿದ ಹಾಗೆ ಹೇಳುತ್ತಿದ್ದರು. ಅವನ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಬರೆದರೆ ತಿಳಿದವರು ಮತ್ತೆ ನಗುತ್ತಾರೆ, ನನಗೆ ಸಾಕಾಗಿದೆ.

ಹಿಂದಿನ ಶತಮಾನದಲ್ಲಿ ಫೌಜಿನ ಡಾಕ್ಟರಾಗಿ ಮದರಾಸಿಗೆ ಬಂದಿಳಿದ ಹುಡುಗ ಅವನು. ಸಿಪಾಯಿಗಳ ಗಾಯಕ್ಕೆ ಪಟ್ಟಿ ಕಟ್ಟುತ್ತಾ ಕಟ್ಟುತ್ತಾ ಅದ್ಯಾವಾಗಲೋ ಮೀನಿನ ಹುಚ್ಚು ಹತ್ತಿಸಿಕೊಂಡ. ಯಾವ ಊರಿಗೆ ವರ್ಗವಾದರೂ ಮೊದಲು ಕೇಳುತ್ತಿದ್ದದ್ದು ಮೀನು ಮಾರುವ ಸಂತೆ ಎಲ್ಲಿ ಅಂತ. ಮಗು ಜ್ವರದಲ್ಲಿ ಹೋಯಿತು. ಹೆಂಡತಿ ಊರಿಗೆ ಹಡಗು ಹತ್ತಿದಳು, ಇವನು ಕುದುರೆ ಹತ್ತಿ ಘಟ್ಟಕ್ಕೆ ಬಂದ. ಹೊಳೆ ಹೊಳೆ ಹುಡುಕಿ, ಯಾರೂ ಕಂಡಿರದ ಎಷ್ಟೋ ಮೀನುಗಳಿಗೆ ಹೆಸರಿಟ್ಟ, ತನ್ನ ಕೈಯಾರೆ ಬಣ್ಣದ ಚಿತ್ರ ಬರೆದ. ಆಮೇಲೆ ಅವನಿಗೆ ಮೀನುಗಾರಿಕೆಯ ಮೇಲೆ ಒಂದು ಅಧಿಕಾರವೂ ಸಿಕ್ಕಿತು. ಸಣ್ಣ ಕಣ್ಣಿನ ಬಲೆ ಬೇಡ, ಹೊಳೆಗೆ ಕಾರೆಕಾಯಿ ಜಜ್ಜಿ ಹಾಕಿ ಮರಿಮೀನಿನ ಸಮೇತ ಕೊಲ್ಲುವುದು ಬೇಡ ಅಂತ ಸರ್ಕಾರಕ್ಕೆ ಬರೆದು ಬರೆದು ಸೋತ. ಕೇಳಿದವರು ಯಾರು?

ಅವನನ್ನು ಮುಗಿಸಿದ್ದು ನಮ್ಮ ಶರಾವತಿಯ ಒಂದು ಮೀನು. ಅಂಗೈಯುದ್ದದ್ದು, ಬಂಡೆಗೆ ತುಟಿಯೊತ್ತಿ ಪಾಚಿ ತಿನ್ನುವಂಥದ್ದು. ದಪ್ಪ ತುಟಿ, ಕಿವಿರಿನ ಹಿಂದೆ ಅರಿಶಿನದ ಬಣ್ಣದ ಒಂದು ಬೊಟ್ಟು, ಬಾಲದ ಬುಡದಲ್ಲಿ ಕೆಂಪು ಪಟ್ಟಿ. ಒಂದೇ ಒಂದು ಸಿಕ್ಕಿತ್ತು. ಸ್ಪಿರಿಟ್ಟಿನ ಪೀಪಾಯಿಯಲ್ಲಿಟ್ಟು ಲಂಡನ್ನಿಗೆ ಕಳಿಸಿದ. ದಾರಿಯಲ್ಲಿ ಪೀಪಾಯಿ ಸೋರಿ, ಅಲ್ಲಿಗೆ ತಲುಪಿದ್ದು ಕೊಳೆತ ಮುದ್ದೆ. ಅಲ್ಲಿನ ದೊಡ್ಡ ವಿದ್ವಾಂಸನಿಗೂ ಇವನಿಗೂ ಮೊದಲೇ ಆಗಿಬರುತ್ತಿರಲಿಲ್ಲ. "ಇಂಥ ಮೀನೇ ಇಲ್ಲ. ಒಂದರ ತಲೆ ಇನ್ನೊಂದರ ಬಾಲ ಸೇರಿಸಿ ಬರೆದಿದ್ದಾನೆ" ಅಂತ ಆತ ಅಚ್ಚು ಹಾಕಿಸಿಬಿಟ್ಟ. ಒಂದು ಸುಳ್ಳು ಅಂದಮೇಲೆ ಮಿಕ್ಕದ್ದನ್ನು ಯಾರು ನಂಬುತ್ತಾರೆ? ಸಾಹೇಬನ ಎಲ್ಲ ಮೀನುಗಳ ಮೇಲೂ ಅನುಮಾನ ಬಿತ್ತು. ಕೊನೆಗೆ ತನ್ನ ದೇಶದ ಯಾವುದೋ ಬಾಡಿಗೆ ಕೋಣೆಯಲ್ಲಿ, ನಾನು ಕಣ್ಣಾರೆ ಕಂಡಿದ್ದೇನೆ ಅಂತ ಸಿಕ್ಕಸಿಕ್ಕವರಿಗೆ ಹೇಳಿಕೊಳ್ಳುತ್ತಾ ಸತ್ತ.

"ನೋಡಯ್ಯ" ಅನ್ನುತ್ತಿದ್ದರು ಅನಂತಯ್ಯನವರು, "ಒಂದು ಮೀನು ಕೊಳೆತಿದ್ದಕ್ಕೆ ಒಬ್ಬ ಮನುಷ್ಯನ ಇಡೀ ಜೀವನ ಸುಳ್ಳಾಗಿಹೋಯ್ತು. ನಂಗೆ ಅದೇ ಮೀನು ಇನ್ನೊಂದು ಬೇಕು. ಭರಣಿಯಲ್ಲಿಟ್ಟು ತೋರಿಸೋ ಹಾಗೆ ಒಂದೇ ಒಂದು." ಸಾಹೇಬನ ಜೀವನಚರಿತ್ರೆಯನ್ನು ಅವರು ಹೆಚ್ಚುಕಮ್ಮಿ ಬರೆದು ಮುಗಿಸಿದ್ದರು. ಕೊನೆಯ ಅಧ್ಯಾಯ ಆ ಮೀನಿಗಾಗಿ ಕಾಯುತ್ತಿತ್ತು. ಶರಾವತಿಗೆ ದೊಡ್ಡ ಅಣೆಕಟ್ಟು ಬರುವುದು ನಿಶ್ಚಯವಾಗಿತ್ತು. ಈಗ ಸಿಗದಿದ್ದರೆ ಇನ್ನು ಯಾವತ್ತೂ ಇಲ್ಲ.

ಬಸದಿಯ ಮೆಟ್ಟಿಲು ಹೊಳೆಗಿಳಿಯುವ ಕಡೆ ಒಂದು ಮಡು, ಅಲ್ಲಿ ಜನ ಮೀನಿಗೆ ಅನ್ನ ಹಾಕುತ್ತಾರೆ ಎಂದಷ್ಟೇ ಸಾಹೇಬ ಬರೆದಿಟ್ಟಿದ್ದ. ಸಾಗರದಿಂದ ಬಸ್ಸು ಹತ್ತಿ, ಹೊಸನಗರದ ಕಡೆ ಇಳಿದು, ದಂಡೆ ಹಿಡಿದು ಅಲೆದೆವು. ಬಿಸಿಲೋ ಬಿಸಿಲು. ಮಲೆನಾಡು ಅಂದರೆ ಮಳೆ ಅಂತ ತಿಳಿದವರು ಒಮ್ಮೆ ಏಪ್ರಿಲ್ಲಿನಲ್ಲಿ ಆ ಬಂಡೆಗಳ ಮೇಲೆ ಬರಿಗಾಲಲ್ಲಿ ನಡೆದು ನೋಡಬೇಕು. ನನಗೆ ಕಾಲು ಬೊಬ್ಬೆ ಬಂದು, ಈ ಮುದುಕನಿಗೆ ಬೇರೆ ಕಸುಬಿಲ್ಲವೇ ಅಂತ ಮನಸ್ಸಿನಲ್ಲೇ ಶಪಿಸುತ್ತಾ ಹಿಂದೆ ಹಿಂದೆ ಹೋದೆ. ಕೊನೆಗೆ ಒಂದು ಮಧ್ಯಾಹ್ನ ಆ ಮೆಟ್ಟಿಲು ಸಿಕ್ಕಿತು. ಕೆಳಗೆ ತಿಳಿನೀರು, ನೀರಿನಲ್ಲಿ ಬಂಡೆಗೆ ತುಟಿಯೊತ್ತಿಕೊಂಡ ಮೀನುಗಳು. ಒಂದು ಹೊರಳಿತು. ಕಿವಿರಿನ ಹಿಂದೆ ಅರಿಶಿನದ ಬೊಟ್ಟು! ಅನಂತಯ್ಯನವರು ಅಲ್ಲೇ ಮೆಟ್ಟಿಲ ಮೇಲೆ ಕುಸಿದು ಕೂತು, ಕೋಟಿನ ತೋಳಿನಿಂದ ಕಣ್ಣು ಒರೆಸಿಕೊಂಡರು.

ಬಸದಿಯೂ ಮಡುವೂ ಒಂದು ಜೈನ ಮನೆತನದ್ದು. ಮನೆಯ ಯಜಮಾನಿ ಚಂದ್ರಮತಿ ಅಮ್ಮ, ಐವತ್ತು ದಾಟಿದ ವಿಧವೆ. ಬೆಳಿಗ್ಗೆ ಪೂಜೆಯಾದ ಮೇಲೆ ಮೀನಿಗೆ ಅನ್ನ ಹಾಕದೆ ತಾವು ಬಾಯಿಗೆ ನೀರು ಹಾಕುತ್ತಿರಲಿಲ್ಲ. ನೀರನ್ನು ಬಟ್ಟೆಯಲ್ಲಿ ಸೋಸಿ, ಸೋಸಿದಾಗ ಸಿಕ್ಕ ಹುಳುವನ್ನೂ ವಾಪಸು ಹೊಳೆಗೇ ಬಿಟ್ಟು ಬರುವ ಜನ. ಅಂಥವರ ಮುಂದೆ ನಮ್ಮ ಪ್ರೊಫೆಸರು, "ಒಂದು ಮೀನು ಬೇಕಾಗಿತ್ತಮ್ಮ. ಸ್ಪಿರಿಟ್ಟಿನಲ್ಲಿ ಹಾಕಿಡೋದಕ್ಕೆ" ಅಂದರು. ನನಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು.

ಅಮ್ಮ ಸಿಟ್ಟಾಗಲಿಲ್ಲ. "ನಮ್ಮ ಅಜ್ಜಿ ಕಾಲದಲ್ಲಿ ಒಬ್ಬ ಬಿಳಿ ದೊರೆ ಬಂದಿದ್ನಂತೆ ಮಾರಾಯ್ರೆ. ಹೀಗೇ ಕೇಳಿದ. ಕೊಡಲ್ಲ ಅಂದ್ರು. ಊರವರೆಲ್ಲ ಊಟಕ್ಕೆ ಹೋದಾಗ ಒಂದು ಕದ್ಕೊಂಡು ಹೋದ. ಆ ಪಾಪಕ್ಕೆ ಅಜ್ಜಿ ಉಪವಾಸ ಕೂತ್ರು" ಅಂದರು. ಅನಂತಯ್ಯನವರು ನನ್ನ ಕೈ ಹಿಡಿದುಕೊಂಡರು. ಹಿಡಿತ ನೋಯುವಷ್ಟು ಬಿಗಿಯಾಗಿತ್ತು. ಲಂಡನ್ನಿನ ವಿದ್ವಾಂಸ ಒಪ್ಪದ ಸಾಹೇಬನಿಗೆ ಇಲ್ಲಿ ಸಾಕ್ಷಿ ಸಿಕ್ಕಿತ್ತು, ಅದೂ ಕಳ್ಳ ಅಂತ.

"ತಾನಾಗಿ ಸತ್ತದ್ದು ತೇಲಿಬಂದ್ರೆ?" ಅಂತ ಅನಂತಯ್ಯನವರು ಕೇಳಿದರು.

ಅದಕ್ಕೆ ಅಮ್ಮ ಒಪ್ಪಿದರು. "ತಾನಾಗಿ ಸತ್ತದ್ದಾದ್ರೆ ತಗೊಂಡು ಹೋಗಿ. ಕಾಯ್ತಾ ಕೂತ್ಕೊಳ್ಳಿ. ಆದ್ರೆ ಸಾಯ್ಲಿ ಅಂತ ಬೇಡ್ಕೋಬೇಡಿ, ಅದೂ ಹಿಂಸೆಯೇ."

ಹಾಗೆ ಶುರುವಾಯಿತು ನಮ್ಮ ಕಾಯುವ ಕೆಲಸ. ಬಸದಿಯ ಪಕ್ಕದ ಚಾವಡಿಯಲ್ಲಿ ಬಿಡಾರ, ಹೊತ್ತು ಮುಳುಗುವ ಮೊದಲೇ ಊಟ. ಬೆಳಗಿಂದ ಸಂಜೆಯವರೆಗೆ ಬಂಡೆಯ ಮೇಲೆ ಕೂತು ನೀರು ನೋಡುವುದು. ಅಮ್ಮನ ಅಪ್ಪಣೆ ಮೇಲೆ ಒಂದು ಮೀನನ್ನು ಗಾಜಿನ ಪಾತ್ರೆಗೆ ಬಿಟ್ಟುಕೊಂಡು, ಅದು ಸುಸ್ತಾಗುವ ಮುಂಚೆ ವಾಪಸು ಬಿಟ್ಟು, ಹೀಗೆ ಕಂತು ಕಂತಾಗಿ ನಾನು ಚಿತ್ರ ಬರೆದೆ. ಚಿತ್ರ ಚೆನ್ನಾಗಿಯೇ ಬಂತು. "ಚೆನ್ನಾಗಿದೆ ಕಣಯ್ಯ, ಆದರೆ ಸಾಹೇಬನೂ ಚಿತ್ರ ಬರೆದಿದ್ದ. ಚಿತ್ರ ತೋರಿಸಿದರೆ ಇನ್ನೊಂದು ಸುಳ್ಳು ಅಂತಾರೆ" ಅಂದರು ಅನಂತಯ್ಯನವರು.

ಮೀನುಗಳೋ, ಸಾಯುವ ಯೋಚನೆಯನ್ನೇ ಮಾಡಲಿಲ್ಲ. ಸೊರಗಿದ್ದನ್ನು ನೀರುನಾಯಿ ಎತ್ತಿಕೊಂಡು ಹೋಗುತ್ತಿತ್ತು, ನಮಗೆ ಉಳಿಸುತ್ತಿರಲಿಲ್ಲ. ನೀರಿಗೆ ಬಂದ ಹೆಂಗಸರು, "ಮೇಷ್ಟ್ರೇ, ಇವತ್ತಾದ್ರೂ ಯಾರಾದ್ರೂ ಹೋದ್ರಾ?" ಅಂತ ನಮ್ಮನ್ನು ಕಿಚಾಯಿಸುತ್ತಿದ್ದರು. ರೆಕ್ಕೆ ಹರಿದ ಒಂದು ಮುದಿ ಮೀನಿತ್ತು. ಅನಂತಯ್ಯನವರ ಆಸೆಯೆಲ್ಲ ಅದರ ಮೇಲೆ. ಆದರೆ ಒಂದು ಬೆಳಿಗ್ಗೆ ಅದು ಅನ್ನಕ್ಕೆ ಬರಲಿಲ್ಲ ನೋಡಿ, ಇವರೇ ಚಡಪಡಿಸಿಬಿಟ್ಟರು. ಪಂಚೆ ಎತ್ತಿಕಟ್ಟಿ ನೀರಿಗಿಳಿದು ಹುಡುಕಿದರು. ಬಂಡೆಯ ಸಂದಿನಲ್ಲಿ ಕಂಡ ಮೇಲೆ, "ಇದೆ ಕಣಯ್ಯ, ಇದೆ!" ಅಂತ ಕೂಗಿದರು. ಭರಣಿ ದಡದಲ್ಲಿ ಬಾಯಿ ತೆರೆದುಕೊಂಡಿತ್ತು. ನಾನು ನಕ್ಕುಬಿಟ್ಟೆ. ಆ ಬೇಸಿಗೆಯಲ್ಲಿ ಮನಸ್ಸು ಬಿಚ್ಚಿ ನಕ್ಕದ್ದು ಅದೊಂದೇ ಸಲ.

ಅಷ್ಟರಲ್ಲಿ ಅಣೆಕಟ್ಟಿನ ನೀರಿಗೆ ಎಲ್ಲ ಮುಳುಗುತ್ತದೆ, ಮನೆ ಜಾಗ ಬಿಡಬೇಕು ಅಂತ ನೋಟೀಸು ಬಂತು. ಬಸದಿಯ ಮೂರ್ತಿಯನ್ನು ತೀರ್ಥಹಳ್ಳಿ ಕಡೆ ಅಮ್ಮನ ತವರಿನ ಬಸದಿಗೆ ಒಯ್ಯುವುದು, ಮನೆಯವರೂ ಅಲ್ಲೇ ನೆಲೆ ಮಾಡುವುದು ಅಂತ ತೀರ್ಮಾನವಾಯಿತು. ಅಮ್ಮ ಮೆಟ್ಟಿಲಿಗೆ ಬಂದು ಕೂತು, "ನೀರು ಜಾಸ್ತಿ ಆದ್ರೆ ಮೀನಿಗೆ ಒಳ್ಳೇದೇ ಅಲ್ದಾ?" ಅಂತ ಕೇಳಿದರು. ಹೌದು ಅಂದುಬಿಟ್ಟಿದ್ದರೆ ಏನೂ ಆಗುತ್ತಿರಲಿಲ್ಲ. ಆದರೆ ಅನಂತಯ್ಯನವರು ಹಾಗೆಲ್ಲ ಹೇಳುವ ಆಸಾಮಿಯಲ್ಲ. "ಇಲ್ಲಮ್ಮ, ಇವು ಓಡುವ ನೀರಿನ ಮೀನು. ನಿಂತ ನೀರಿನಲ್ಲಿ ಬಂಡೆಯ ಪಾಚಿ ಸಾಯ್ತದೆ, ಇವೂ ಸಾಯ್ತಾವೆ" ಅಂದರು.

"ಅಷ್ಟು ದಿನ ಎಲ್ಲಿ ಬಂತು, ನಾವು ಹೋದ ಮಾರನೇ ದಿನವೇ ಇಲ್ಲಿ ಬಲೆ ಬೀಳ್ತದೆ" ಅಂದರು ಅಮ್ಮ. ಆಮೇಲೆ, "ನಮ್ಮ ತವರಿನ ತುಂಗೆ ಓಡುವ ಹೊಳೆ ಅಲ್ದಾ?" ಅಂತ ಕೇಳಿದರು.

ತುಂಗೆಗೆ ಒಯ್ದು ಬಿಟ್ಟರೆ ಬದುಕಬಹುದು ಅಂತ ಅನಂತಯ್ಯನವರು ಒಪ್ಪಿದರು. ಆಗ ನಾನು ಅವರನ್ನು ಪಕ್ಕಕ್ಕೆ ಕರೆದು, "ಸಾರ್, ಸುಮ್ಮನಿರಿ. ಇವರು ಜಾಗ ಬಿಟ್ಟ ಮೇಲೆ ಇಲ್ಲಿ ಕೇಳುವವರು ಯಾರು? ಬೇಕಾದಷ್ಟು ಹಿಡ್ಕೊಳ್ಳಬಹುದು" ಅಂದೆ. ಮುಖ ಕೆಂಪಗಾಯಿತು ಅವರದ್ದು. "ಸಾಹೇಬ ಕದ್ದ. ನಾನೂ ಕದೀಲೇನಯ್ಯ? ಅಲ್ಲಿ ತುಂಗೆಯಲ್ಲಿ ಸಂತಾನ ಬೆಳೆದರೆ ಯಾವತ್ತೋ ಒಂದು ದಿನ ಒಂದು ಸತ್ತದ್ದು ಸಿಕ್ಕೇ ಸಿಗ್ತದೆ. ನಾನಿಲ್ಲದಿದ್ದರೆ ನೀನಿರ್ತೀಯ" ಅಂದರು.

ಮೀನು ಸಾಗಿಸುವ ಕ್ರಮವನ್ನು ಅವರು ಅಮ್ಮನಿಗೆ ಬಿಡಿಸಿ ಹೇಳಿದರು. ಹಳೇ ಮಣ್ಣಿನ ಗುಡಾಣಗಳಲ್ಲಿ ಮಡುವಿನದೇ ನೀರು ತುಂಬಬೇಕು, ಗುಡಾಣಕ್ಕೆ ಸ್ವಲ್ಪವೇ ಮೀನು, ಮೇಲೆ ಒದ್ದೆ ಗೋಣಿ, ದಾರಿಯುದ್ದಕ್ಕೂ ನೀರು ಕಲಕುತ್ತಿರಬೇಕು. ಆಮೇಲೆ ತುಂಗೆಯಲ್ಲಿ ಸರಿಯಾದ ಜಾಗ ನೋಡಿಡಲು ನಾವಿಬ್ಬರೂ ಹಿಂದಿನ ದಿನವೇ ಬಸ್ಸಿನಲ್ಲಿ ತೀರ್ಥಹಳ್ಳಿಗೆ ಹೋದೆವು. ಬಂಡೆಗಳ ನಡುವೆ ನೀರು ಬಿರುಸಾಗಿ ನುಗ್ಗುವ ಒಂದು ಕಡೆ ಸಿಕ್ಕಿತು. ಅನಂತಯ್ಯನವರು ಆ ನೀರಿಗಿಳಿದು ಪಾಚಿಯನ್ನು ಬೆರಳಲ್ಲಿ ಕೆರೆದು ನೋಡಿ, "ಇಲ್ಲಿ ಬದುಕ್ತಾವೆ" ಅಂದರು. ಅವರ ಮುಖದಲ್ಲಿ ಅಷ್ಟು ಸುಖವನ್ನು ನಾನು ಹಿಂದೆ ಕಂಡಿರಲಿಲ್ಲ.

ಮರುದಿನ ಮಧ್ಯಾಹ್ನ ಲಾರಿ ಬಂತು. ಅಮ್ಮ ಡ್ರೈವರಿನ ಪಕ್ಕ ಕೂರದೆ ಹಿಂದೆಯೇ, ಮೀನಿನ ಜೊತೆಯಲ್ಲೇ ಕೂತು ಬಂದಿದ್ದರು. ತಲೆಯೆಲ್ಲ ಕೆಂಪು ಧೂಳು. ಅವರ ಆಳು ಬೈರಪ್ಪ ಕೆಳಗೆ ಹಾರಿ ಹಿಂಬದಿಯ ಹಲಗೆ ಇಳಿಸಿದ. ಒಳಗೆ ಗುಡಾಣ ಇರಲಿಲ್ಲ. ಸಾಲಾಗಿ ತಾಮ್ರದ ಹಂಡೆಗಳು, ಬಿಸಿಲಿಗೆ ಕಣ್ಣು ಕುಕ್ಕುವಷ್ಟು ಹೊಳೆಯುತ್ತಿದ್ದವು. ಅನಂತಯ್ಯನವರ ಮುಖ ಬಿಳುಚಿಕೊಂಡಿತು. ಹತ್ತಿರ ಹೋಗಿ ಒಂದು ಹಂಡೆಯ ಗೋಣಿ ತೆಗೆದರು. ಮೀನುಗಳು ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಇನ್ನೊಂದು ತೆಗೆದರು. ಮತ್ತೊಂದು. ಎಲ್ಲದರಲ್ಲೂ ಅದೇ.

"ದಾರೀಲಿ ಒಂದೊಂದೇ ಮಗುಚಿದ್ವು" ಅಂದರು ಅಮ್ಮ. "ಕಲಕ್ತಾನೇ ಇದ್ದೆ. ಕೈ ನಿಲ್ಲಿಸಲೇ ಇಲ್ಲ ನಾನು."

ಅನಂತಯ್ಯನವರು ಹಂಡೆಯೊಳಗೆ ಕೈ ಹಾಕಿ ಒಳಮೈ ಸವರಿದರು. ಬೈರಪ್ಪನನ್ನು ಮೆಲ್ಲಗೆ, "ಗುಡಾಣ ಎಲ್ಲಿ?" ಅಂತ ಕೇಳಿದರು.

"ಗುಡಾಣ ದಾರೀಲಿ ಒಡೆದ್ರೆ ಎಂತ ಗತಿ ಅಂತ ಅಮ್ನೋರು ಹಂಡೆ ತೆಗೆಸಿದ್ರು. ಬಸದಿ ಮೀನು ಕಿಲುಬಿನ ಪಾತ್ರೇಲಿ ಹೋಗಬಾರ್ದು ಅಂತ ನಿನ್ನೆ ಇಡೀ ದಿನ ಅವ್ರೇ ಕೂತು ಹುಣಸೆಹಣ್ಣು ಹಾಕಿ ಒಳಗೂ ಹೊರಗೂ ತಿಕ್ಕಿದ್ರು. ನಮ್ಮ ಕೈಗೆ ಕೊಡ್ಲಿಲ್ಲ."

ಅನಂತಯ್ಯನವರು ನನ್ನ ಕಡೆ ತಿರುಗಿ, ನನಗೊಬ್ಬನಿಗೇ ಕೇಳುವ ಹಾಗೆ, "ತಾಮ್ರ ಮೀನಿಗೆ ವಿಷ ಕಣಯ್ಯ. ಹುಳಿ ಹಾಕಿ ತಿಕ್ಕಿದ ತಾಮ್ರ ಇನ್ನೂ ವಿಷ. ಬಾಯಿ ಬಿಡಬೇಡ" ಅಂದರು.

ಅಮ್ಮ ಹಂಡೆಯ ಅಂಚು ಹಿಡಿದು ಲಾರಿಯಿಂದ ಇಳಿದರು. ಕೈಗಳು ತಿಕ್ಕಿ ತಿಕ್ಕಿ ಕೆಂಪಾಗಿ ಬೆರಳ ಸಂದು ಬಿರಿದಿದ್ದವು. ಅನಂತಯ್ಯನವರನ್ನೇ ದಿಟ್ಟಿಸಿ ನೋಡಿದರು. "ತಗೊಳ್ಳಿ ಮೇಷ್ಟ್ರೇ. ಸಾಯ್ಲಿ ಅಂತಾನೇ ಕಾಯ್ತಾ ಇದ್ರಲ್ಲ. ಈಗ ಎಲ್ಲಾ ಸತ್ತಿದಾವೆ. ತಗೊಳ್ಳಿ."

ಭರಣಿ ನನ್ನ ಚೀಲದಲ್ಲೇ ಇತ್ತು. ಒಂದು ಮೀನು ಎತ್ತಿ ಅದರಲ್ಲಿ ಹಾಕಿದರೆ ಸಾಹೇಬ ಗೆದ್ದ, ಇವರ ಪುಸ್ತಕ ಮುಗಿಯಿತು. ನಾನು ಮುಚ್ಚಳಕ್ಕೆ ಕೈ ಹಾಕಿ, "ಸಾರ್, ಒಂದಾದರೂ..." ಅಂದೆ. ಸ್ಪಿರಿಟ್ಟಿನ ವಾಸನೆ ಗಪ್ಪನೆ ಬಂತು. ಅವರು ನನ್ನ ಕೈಯನ್ನು ಭರಣಿಯ ಮೇಲೆಯೇ ಒತ್ತಿ ಹಿಡಿದರು.

"ತಾನಾಗಿ ಸತ್ತದ್ದಲ್ಲಮ್ಮ ಇವು" ಅಂದರು. "ನಮ್ಮ ಮಾತು ಆಗಿದ್ದು ಹಾಗಲ್ಲವಲ್ಲ."

"ಹಾಗಾದ್ರೆ ಕೊಂದೋರು ಯಾರು?"

ಆ ಪ್ರಶ್ನೆಗೆ ಉತ್ತರ ಹಂಡೆ ಸವರಿದ ಅನಂತಯ್ಯನವರ ಬೆರಳಿನಲ್ಲಿ ಇನ್ನೂ ಒದ್ದೆಯಾಗಿತ್ತು. ಒಂದು ಮಾತು ಹೇಳಿದ್ದರೆ ಸಾಕಿತ್ತು. ಬಿಸಿನೀರಿನಲ್ಲಿ ಹುಳು ಸತ್ತೀತು ಅಂತ ಮೊದಲು ಸೋಸುವ ಆ ಹೆಂಗಸಿಗೆ, ನಿಮ್ಮ ಕೈಯೇ ಅಮ್ಮ, ಅಂತ ಹೇಳುವುದು ಹೇಗೆ? ಅನಂತಯ್ಯನವರು ತಲೆ ತಗ್ಗಿಸಿದರು. "ನಾನೇ ಅಂತ ಇಟ್ಕೊಳ್ಳಿ. ತರಬಹುದು ಅಂದವನು ನಾನೇ ತಾನೆ" ಅಂದರು.

ಅಮ್ಮ ಅದನ್ನು ಹಾಗೇ ಇಟ್ಟುಕೊಂಡರು. ತಿರುಗಿ ಹೋಗಿ, ಬೈರಪ್ಪನಿಂದ ದಡದ ಮರಳಿನಾಚೆ ಗುಂಡಿ ತೋಡಿಸಿ, ಒಂದೊಂದೇ ಮೀನನ್ನು ತಮ್ಮ ಸೆರಗಿನಲ್ಲಿ ಒಯ್ದು ಮಣ್ಣು ಮಾಡಿದರು. ರೆಕ್ಕೆ ಹರಿದ ಆ ಮುದಿ ಮೀನೂ ಅದರಲ್ಲಿತ್ತು. ಹತ್ತಿರ ಬರಬೇಡಿ ಅಂತ ನಮಗೆ ಕೈಯಲ್ಲೇ ಸನ್ನೆ ಮಾಡಿದರು. ದೂರದ ಬಂಡೆಯ ಮೇಲೆ ಕೂತು ನೋಡಿದೆವು. ಹೊತ್ತು ಮುಳುಗಿತು, ಅವತ್ತು ಯಾರೂ ಊಟ ಮಾಡಲಿಲ್ಲ.

ಮಡುವಿನಲ್ಲಿ ಒಂದೆರಡಾದರೂ ಉಳಿದಿರಲಿಲ್ಲವೇ ಅಂತ ನೀವು ಕೇಳಬಹುದು. ಮಳೆ ಹಿಡಿಯುವ ಮೊದಲು ನಾನೊಬ್ಬನೇ ಹೋಗಿ ನೋಡಿ ಬಂದೆ. ಅಮ್ಮ ಹೇಳಿದ ಹಾಗೇ ಆಗಿತ್ತು. ಮೆಟ್ಟಿಲ ಮೇಲೆ ಬಲೆ ಒಣಗಲು ಹರವಿದ್ದರು. ಆಮೇಲೆ ಆ ಮೆಟ್ಟಿಲೂ ನೀರಿನ ತಳಕ್ಕೆ ಹೋಯಿತು. ಅನಂತಯ್ಯನವರು ಮೈಸೂರಿಗೆ ವಾಪಸಾದ ಮೇಲೆ ಪುಸ್ತಕ ಮುಟ್ಟಲಿಲ್ಲ. ಒಮ್ಮೆ ನೋಡಲು ಹೋದಾಗ, "ಸಾಹೇಬನ ಬಗ್ಗೆ ಏನಾದರೂ ಬರೆದ್ರಾ ಸಾರ್?" ಅಂದೆ. "ಬರೆಯೋದು ಎಂಥದು? ನಂಬೋ ಹಾಗೆ ಏನಿದೆ ನನ್ನ ಹತ್ತಿರ?" ಅಂದರು. ಮುಂದಿನ ಬೇಸಿಗೆಗೆ ಅವರು ಇರಲಿಲ್ಲ. ಸಾಹೇಬ ಇವತ್ತಿಗೂ ಸುಳ್ಳನೇ. ಈಗಿನ ಪುಸ್ತಕಗಳಲ್ಲೂ ಆ ಮೀನಿನ ಹೆಸರಿನ ಮುಂದೆ ಅನುಮಾನ ಅಂತಲೇ ಬರೆದಿರುತ್ತದೆ. ನನ್ನ ಚಿತ್ರ ಟ್ರಂಕಿನಲ್ಲಿ ಕೂತು ಗೆದ್ದಲಿಗೆ ಆಹಾರವಾಯಿತು. ಯಾರ ಮೇಲೆ ಸಿಟ್ಟು ಮಾಡಲಿ ಹೇಳಿ? ಮೀನು ಕೊಳೆಸಿದ ಹಡಗಿನ ಮೇಲೋ, ಪ್ರೀತಿಯಿಂದ ಹಂಡೆ ತಿಕ್ಕಿದ ಹೆಂಗಸಿನ ಮೇಲೋ?

ಎಷ್ಟೋ ವರ್ಷದ ನಂತರ ಯಾವುದೋ ಮದುವೆಗೆ ತೀರ್ಥಹಳ್ಳಿಗೆ ಹೋದವನು ಚಂದ್ರಮತಿ ಅಮ್ಮನನ್ನು ಕಂಡು ಬಂದೆ. ಕಣ್ಣು ಮಂಜಾಗಿತ್ತು, ಧ್ವನಿಯಿಂದ ಗುರುತು ಹಿಡಿದರು. ಕಾಫಿ ಕೊಡಿಸಿ, ಮನೆಮಂದಿಯ ಸುದ್ದಿಯೆಲ್ಲ ಕೇಳಿದ ಮೇಲೆ, "ನಿಮ್ಮ ಆ ಪ್ರೊಫೆಸರು ಇದಾರಾ?" ಅಂದರು.

"ಇಲ್ಲಮ್ಮ, ಹೋಗಿ ಬಹಳ ಕಾಲ ಆಯ್ತು."

"ಹೋಗ್ಲಿ, ಪಾಪ. ಒಳ್ಳೆಯೋರ ಹಾಗೆ ಕಂಡ್ರು ಮಾರಾಯ್ರೆ. ಒಂದು ಮೀನಿನ ಆಸೆಗೆ, ಹಿಂದಿನ ದಿನವೇ ನೀರಿಗೆ ಎಂತ ಹಾಕಿಟ್ಟು ಅಷ್ಟನ್ನೂ ಕೊಂದ್ರೋ. ಕೊನೆಗೆ ತಗೊಳ್ಳೋಕೆ ಅವರಿಗೇ ಧೈರ್ಯ ಬರ್ಲಿಲ್ಲ ನೋಡಿ. ನಾನು ದಿನಾ ಅವರ ಪಾಪ ಕಳೀಲಿ ಅಂತ ಕೇಳ್ಕೊಳ್ತೇನೆ."

ಹುಣಸೆಹಣ್ಣಿನ ಮಾತು ನಾಲಿಗೆಯ ತುದಿಗೆ ಬಂತು. ಅಮ್ಮ ನನ್ನ ಕಡೆಗೇ ಮುಖ ಮಾಡಿ, ಏನಾದರೂ ಹೇಳುತ್ತೇನೋ ಅಂತ ಕಾಯುತ್ತಾ ಕೂತಿದ್ದರು. ನಾನು ಕಾಫಿ ಕುಡಿದು ಮುಗಿಸಿ, "ಹಾಗೇ ಕೇಳ್ಕೊಳ್ಳಿ ಅಮ್ಮ" ಅಂದು ಎದ್ದು ಬಂದೆ.